ಬಾಡಿಗೆ ರೋಟವೇಟರ್ ಸೇವೆ: ಆರು ವರ್ಷಗಳ ಬಳಕೆಯ ನಂತರದ ಅಭಿಪ್ರಾಯ

ಬ್ರಹ್ಮಾವರದ ಸಮೀಪ ನಮಗಿರುವ ಒಂದೂವರೆ ಎಕರೆ ಮಜಲು (ತೀರ ಎತ್ತರವೂ ತಗ್ಗೂ ಅಲ್ಲದ ನಡುಮಟ್ಟದ) ಗದ್ದೆಯನ್ನು ಆರು ವರ್ಷಗಳಿಂದ ಒಂದೇ ಬಾಡಿಗೆ ಸೇವೆಯವರ ರೋಟವೇಟರಿನಿಂದ, ಅಂದರೆ ಟ್ರ್ಯಾಕ್ಟರಿಗೆ ಕಟ್ಟಿದ ತಿರುಗುವ ಬ್ಲೇಡುಗಳ ಯಂತ್ರದಿಂದ, ಉಳುಮೆ ಮಾಡಿಸುತ್ತಿದ್ದೇನೆ. ಕೋಣ ಸಾಕುವವರೂ ನೇಗಿಲು ಹಿಡಿಯುವವರೂ ಇಲ್ಲದ ಈ ಕಾಲದಲ್ಲಿ ಇಂಥ ಸೇವೆ ಇಲ್ಲದಿದ್ದರೆ ನಮ್ಮ ಗದ್ದೆ ಎಂದೋ ಹಡಿಲು (ಪಾಳು) ಬೀಳುತ್ತಿತ್ತು. ಮಳೆ ಹಿಡಿದ ವಾರದಲ್ಲಿ ಎಲ್ಲರೂ ಒಟ್ಟಿಗೆ ಕರೆದರೂ ಅವರು ಹೇಳಿದ ದಿನ ತಪ್ಪಿಸಿದ್ದು ಒಮ್ಮೆ ಮಾತ್ರ. ಗಂಟೆಯ ಲೆಕ್ಕದಲ್ಲಿ ಮೋಸವಿಲ್ಲ, ಚಾಲಕರು ಹುಣಿಯನ್ನು (ಗದ್ದೆಯ ಬದುವನ್ನು) ಕೆಡಿಸುವುದಿಲ್ಲ, ಏಣೆಲಿನ, ಅಂದರೆ ಮಳೆಗಾಲದ ಭತ್ತದ, ನಾಟಿಗೆ ಬೇಕಾದ ಕೆಸರು ಬೆಣ್ಣೆಯಂತೆ ಬರುತ್ತದೆ.

ನನ್ನ ತಕರಾರು ಇರುವುದು ಸುಗ್ಗಿಯ, ಅಂದರೆ ಮಳೆಗಾಲದ ನಂತರದ ಎರಡನೆಯ ಬೆಳೆಯ, ಉಳುಮೆಯ ಬಗ್ಗೆ. ಭತ್ತ ಕೊಯ್ದ ಮೇಲೆ ನಾವು ಉದ್ದು ಹಾಕುತ್ತೇವೆ. ಅದಕ್ಕೂ ಅವರದು ಅದೇ ಯಂತ್ರ, ಅದೇ ಆಳ, ಎರಡು ಸುತ್ತು. ಹಿಟ್ಟಿನಂತಾದ ಮಣ್ಣು ಕಂಡು ಮೊದಲೆರಡು ವರ್ಷ ಖುಷಿಪಟ್ಟವನು ನಾನೇ. ಮೂರನೆಯ ವರ್ಷದಿಂದ, ಚೆನ್ನಾಗಿ ಮೊಳೆತ ಗಿಡಗಳು ಜನವರಿಯ ಹೊತ್ತಿಗೆ ಮಧ್ಯಾಹ್ನದ ಬಿಸಿಲಿಗೆ ಬಾಡತೊಡಗಿದವು. ಒಂದು ಗಿಡದ ಬುಡವನ್ನು ಹಾರೆಯಿಂದ ಅಗೆದು ನೋಡಿದಾಗ, ಐದಾರು ಇಂಚಿನ ಕೆಳಗೆ ಹಾರೆ ಠಣ್ಣೆಂದು ನಿಂತಿತು. ತಾಯಿಬೇರು ಅಲ್ಲಿಯವರೆಗೆ ನೆಟ್ಟಗೆ ಇಳಿದು, ಆ ಗಟ್ಟಿ ಪದರದ ಮೇಲೆ ಅಡ್ಡಕ್ಕೆ ತಿರುಗಿತ್ತು.

ರೋಟವೇಟರಿನ ಬ್ಲೇಡುಗಳು ಮೇಲಿನ ಮಣ್ಣನ್ನು ಪುಡಿ ಮಾಡುತ್ತಾ ಪ್ರತಿವರ್ಷವೂ ಅದೇ ಆಳದಲ್ಲಿ ತಳವನ್ನು ತೀಡುತ್ತವೆ, ಟ್ರ್ಯಾಕ್ಟರಿನ ಭಾರ ಅದನ್ನು ಇನ್ನಷ್ಟು ಒತ್ತುತ್ತದೆ. ಭತ್ತಕ್ಕೆ ಆ ಪದರ ಬೇಕೇ ಬೇಕು, ಗದ್ದೆಯಲ್ಲಿ ನೀರು ನಿಲ್ಲುವುದು ಅದರಿಂದಲೇ. ಆದರೆ ನೆಲದೊಳಗೆ ಉಳಿದ ತೇವವನ್ನೇ ನಂಬಿ ಬೆಳೆಯುವ ಉದ್ದಿಗೆ ಅದೇ ಅಡ್ಡಗೋಡೆ. ಪುಡಿಯಾದ ಮಣ್ಣಿನ ತೇವ ಬೇಗ ಆರುತ್ತದೆ, ಸಾವಯವ ಅಂಶವೂ ಬೇಗ ಸವೆಯುತ್ತದೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆಗೆ ಸಾರವೆಲ್ಲ ತೊಳೆದುಹೋಗಿ ಮೊದಲೇ ಹುಳಿಯಾಗಿರುವ ನಮ್ಮ ಕರಾವಳಿಯ ಮಣ್ಣಿಗೆ ಇದು ಸಣ್ಣ ನಷ್ಟವಲ್ಲ.

ಹಾಗಾಗಿ ಎರಡು ವರ್ಷಗಳಿಂದ ಅರ್ಧ ಗದ್ದೆಗೆ ಸುಗ್ಗಿಯಲ್ಲಿ ಯಂತ್ರವನ್ನೇ ಇಳಿಸದೆ, ತೇವ ಆರುವ ಮೊದಲು ಕೂಳೆಗಳ ನಡುವೆಯೇ ಉದ್ದು ಬಿತ್ತಿದೆ. ಮೊದಲ ವರ್ಷ ಕಳೆ ಹೆಚ್ಚಾಗಿ, ಇಳುವರಿ ಉತ್ತ ಭಾಗಕ್ಕಿಂತ ಕಡಿಮೆ ಬಂತು. ಎರಡನೆಯ ವರ್ಷ ಎರಡೂ ಸರಿಸಮವಾದವು, ಉಳುಮೆಯ ಖರ್ಚು ಉಳಿಯಿತು. ಬೇರಿನ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣವಿತ್ತು, ಅಂದರೆ ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ನಡೆದಿತ್ತು. ಉಳುಮೆ ನಿಲ್ಲಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಜಗತ್ತಿನ 610 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಉಳುಮೆ ಬಿಟ್ಟಾಗ ಇಳುವರಿ ಸರಾಸರಿ ಶೇ 5.7ರಷ್ಟು ತಗ್ಗಿತ್ತು, ಬೆಳೆಯ ಉಳಿಕೆಯನ್ನು ನೆಲದಲ್ಲೇ ಬಿಟ್ಟು, ಬೆಳೆಯನ್ನೂ ಬದಲಿಸಿದಲ್ಲಿ ಆ ಕೊರತೆ ಕಿರಿದಾಗಿತ್ತು. ಭತ್ತದ ಮೇಲೆ ಭತ್ತವನ್ನೇ ಹಾಕುವವರಿಗೆ ನನ್ನ ಅನುಭವ ಅನ್ವಯಿಸದು.

ಉಳಿದರ್ಧಕ್ಕೆ ಹಗುರವಾಗಿ ಒಂದೇ ಸುತ್ತು ಹೊಡೆಯಿರಿ ಎಂದು ಕೇಳಿದಾಗ, "ಮಾರಾಯ್ರೆ, ಒಂದು ಸುತ್ತಿಗೆ ಅಷ್ಟು ದೂರ ಬಂದರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ" ಎಂದರು. ಅವರ ಮಾತಿನಲ್ಲೂ ನ್ಯಾಯವಿದೆ. ಗಂಟೆಗೆ ಬಾಡಿಗೆ ಇರುವವರೆಗೆ ಹೆಚ್ಚು ಸುತ್ತೇ ಅವರಿಗೆ ಲಾಭ, ಮಣ್ಣಿಗೆ ಬೇಕಾದಷ್ಟೇ ಉತ್ತರೆ ನಷ್ಟ. ಸುಗ್ಗಿಯ ಕೆಲಸಕ್ಕೆ ಎಕರೆ ಲೆಕ್ಕದ ದರ ಇಟ್ಟು, ಅಕ್ಕಪಕ್ಕದ ನಾಲ್ಕು ಮನೆಯವರನ್ನು ಒಂದೇ ದಿನಕ್ಕೆ ಸೇರಿಸಿಕೊಂಡರೆ ಇಬ್ಬರಿಗೂ ಗಿಟ್ಟುತ್ತದೆ ಎಂದು ಅವರಿಗೆ ಹೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಈ ಸಲದ ಮುಂಗಡವನ್ನು ಏಣೆಲಿಗೆ ಮಾತ್ರ ಕೊಟ್ಟಿದ್ದೇನೆ.