ತಳಿ ಕಡೆಯ ಸಣ್ಣ ಏರ್‌ಸ್ಟ್ರಿಪ್ಪಲ್ಲಿ ವಿಮಾನ ಹಾರಿಸೋದು ಕಲ್ತೆ: ಎರಡು ವರ್ಷದ ಅನುಭವ

ನಮ್ದು ತಳಿ ಹತ್ರ ಒಂದು ಹಳ್ಳಿ, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ, ಮನೇಲಿ ಕನ್ನಡ, ಸಂತೇಲಿ ತಮಿಳು ತೆಲುಗು ಎರಡೂ. ಬೈಕಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಏರ್‌ಸ್ಟ್ರಿಪ್ಪಲ್ಲಿ ಎರಡು ವರ್ಷ ನಾಲ್ಕು ತಿಂಗಳು ಕಲ್ತೆ, ಹೋದ ತಿಂಗಳು ಪಿಪಿಎಲ್, ಅಂದ್ರೆ ಪ್ರೈವೇಟ್ ಪೈಲಟ್ ಲೈಸೆನ್ಸು, ಕೈಗೆ ಬಂತು. ಕ್ಲಬ್ಬಿನ ಹೆಸರು ಹಾಕಲ್ಲ, ಕೆಲವು ಬೇಜಾರಿನ ವಿಷಯಾನೂ ಬರೀಬೇಕು ಅದಕ್ಕೆ. ಸೇರೋಣ ಅಂತಿರೋರು ಸೇರಿ, ಆದ್ರೆ ಅವರು ಹೇಳೋ ಟೈಮಿಗೆ ಡಬಲ್ ಲೆಕ್ಕ ಇಟ್ಕೊಳ್ಳಿ.

ದುಡ್ಡು ಕಟ್ಟೋಕೆ ಮುಂಚೆ ಒಂದು ದಿನ ಸುಮ್ನೆ ನೋಡ್ಕೊಂಡು ಬನ್ನಿ, ಬೆಳಿಗ್ಗೆ ಆರೂವರೆಗೆ. ಫೋನ್ ಮಾಡಿ ಹೋದ್ರೆ ಗೇಟಲ್ಲಿ ಅಣ್ಣ ಒಳಗೆ ಬಿಡ್ತಾರೆ, ಶೀಟ್ ಹಾಕಿರೋ ಹ್ಯಾಂಗರು, ಪಕ್ಕದಲ್ಲೇ ರಾಗಿ ಹೊಲ. ಹತ್ತು ಗಂಟೆ ಆದ್ಮೇಲೆ ಹೋದ್ರೆ ಏನೂ ಕಾಣಲ್ಲ, ನೆಲ ಕಾದು ಗಾಳಿ ಕುಲುಕೋಕೆ ಶುರುವಾದ್ರೆ ಹೊಸಬರನ್ನ ಹಾರಿಸಲ್ಲ.

ಕಲಿಯೋ ವಿಮಾನ ಸೆಸ್ನಾ 152. ಎರಡೇ ಸೀಟು, 110 ಹಾರ್ಸ್‌ಪವರ್ ಇಂಜಿನ್. ಈ ಮಾಡೆಲ್ ತಯಾರಿ 1985ಕ್ಕೇ ನಿಂತೋಯ್ತು, ಅಂದ್ರೆ ಎಲ್ಲೇ ಹೋಗಿ ಕಲೀರಿ, ನಿಮಗೆ ಸಿಗೋ 152 ನಲವತ್ತು ವರ್ಷದ್ದು. ಹಳೇದು ಅಂತ ಹೆದರ್ಬೇಡಿ, ಇಷ್ಟು ಗಂಟೆಗೊಂದ್ಸಲ ಬಿಚ್ಚಿ ನೋಡ್ಲೇಬೇಕು ಅಂತ ರೂಲ್ಸ್ ಇದೆ, ಆದ್ರೆ ಸ್ಪೇರ್ ಪಾರ್ಟ್ ಬೇಕಾದಾಗ ತೊಂದರೆ ಆಗತ್ತೆ. ನಮ್ಮ ಕ್ಲಬ್ಬಲ್ಲಿ ಇದ್ದಿದ್ದೇ ಒಂದು. ಒಂದ್ಸಲ ಏಳು ವಾರ ಶೆಡ್ಡಲ್ಲಿ ನಿಂತಿತ್ತು, ನಾವು ಆರು ಜನ ವಾರ ವಾರ ಫೋನ್ ಮಾಡೋದು, ಅವರು ಮುಂದಿನ ವಾರ ಅನ್ನೋದು. ಏಳು ವಾರ ಬಿಟ್ಟು ಕೂತ್ರೆ ಕುದುರಿದ್ದ ಕೈ ಹೋಗ್ಬಿಡತ್ತೆ, ಮತ್ತೆ ಮೂರು ಗಂಟೆ ಹಳೇ ಪಾಠಕ್ಕೇ ದುಡ್ಡು ಕೊಟ್ಟೆ. ಗಂಟೆಗೆ ಹನ್ನೆರಡು ಸಾವಿರ ಅಂತ ಶುರುವಾಗಿದ್ದು ಮಧ್ಯದಲ್ಲಿ ಏರಿತು, ಮುಂಚೆ ಹೇಳ್ಲಿಲ್ಲ ಅನ್ನೋದು ನನಗೆ ಈಗ್ಲೂ ಸರಿ ಅನ್ಸಿಲ್ಲ. ಒಟ್ಟಿಗೆ ಪೂರ್ತಿ ಕಟ್ಬೇಡಿ, ಐದೈದು ಗಂಟೆಗೆ ಕಟ್ಟಿ.

ಪೇಪರ್ ಕೆಲಸ: ಹದಿನಾರು ತುಂಬಿದ್ರೆ ಸ್ಟೂಡೆಂಟ್ ಲೈಸೆನ್ಸು, ಹದಿನೇಳಕ್ಕೆ ಪಿಪಿಎಲ್. ಕ್ಲಾಸ್ 2 ಮೆಡಿಕಲ್ (ಪೈಲಟ್‌ಗಳ ಆರೋಗ್ಯ ತಪಾಸಣೆ) ಮೊದಲೇ ಮಾಡ್ಸಿ, ಅಲ್ಲೇ ಏನಾದ್ರೂ ಅಡ್ಡ ಬಂದ್ರೆ ದುಡ್ಡಾದ್ರೂ ಉಳಿಯತ್ತೆ. ಡಿಜಿಸಿಎ (ವಿಮಾನಯಾನ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಇಲಾಖೆ) ಪರೀಕ್ಷೇಲಿ 70 ಪರ್ಸೆಂಟ್ ಬರ್ಬೇಕು. ಹಾರಾಟ ಕಡೇಪಕ್ಷ 40 ಗಂಟೆ, ಅದ್ರಲ್ಲಿ ಒಬ್ಬರೇ ದೂರ ಹೋಗಿಬರೋ ಕ್ರಾಸ್ ಕಂಟ್ರಿ 5 ಗಂಟೆ. ನನಗೆ ಒಟ್ಟು 52 ಗಂಟೆ ಆಯ್ತು.

ಇನ್ನು ಕಲಿಸೋದರ ಬಗ್ಗೆ, ಇದಕ್ಕೆ ನಾನು ಫುಲ್ ಮಾರ್ಕ್ಸ್ ಕೊಡ್ತೀನಿ. ದೊಡ್ಡ ಏರ್‌ಪೋರ್ಟಲ್ಲಿ ರನ್‌ವೇಗೆ ಕ್ಯೂ ನಿಂತ್ಕೊಂಡೇ ಇಂಜಿನ್ ಮೀಟರ್ ಓಡತ್ತೆ, ಇಲ್ಲಿ ಒಂದು ಗಂಟೇಲಿ ಎಂಟು ಒಂಬತ್ತು ಲ್ಯಾಂಡಿಂಗ್ ಮಾಡ್ಬೋದು. ನಮ್ಮ ಸರ್ ಪ್ರತಿ ದಿನ ರೆಕ್ಕೆ ಕೆಳಗಿಂದ ಪೆಟ್ರೋಲ್ ತೆಗೆಸ್ತಿದ್ರು, ಸಣ್ಣ ಪಾರದರ್ಶಕ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡ್ಬೇಕು. ವಿಮಾನದ ಪೆಟ್ರೋಲು ತಿಳಿ ನೀಲಿ ಬಣ್ಣ. ರಾತ್ರಿಯೆಲ್ಲ ಮಳೆ ಸುರಿದ ಒಂದು ಬೆಳಿಗ್ಗೆ ಲೋಟದ ತಳದಲ್ಲಿ ಹೆಸರುಕಾಳಿನಷ್ಟು ಒಂದು ಹನಿ, ಬಣ್ಣ ಇಲ್ಲ, ಲೋಟ ವಾಲಿಸಿದ್ರೆ ಅತ್ಲಾಗೆ ಇತ್ಲಾಗೆ ಉರುಳ್ತಿತ್ತು. ನೀರು. ಟ್ಯಾಂಕಿನ ಮುಚ್ಚಳದಿಂದ ಇಳಿದಿತ್ತು. ಪೂರ್ತಿ ನೀಲಿ ಬರೋವರೆಗೂ ನಾಲ್ಕು ಸಲ ತೆಗೆದ್ವಿ. "ತಮ್ಮಾ, ಇದು ಮೇಲೆ ಹೋದ್ಮೇಲೆ ಇಂಜಿನ್ನಿಗೆ ಸಿಕ್ಕಿದ್ರೆ?" ಅಂತ ಕೇಳಿದ್ರು ಅಷ್ಟೇ, ಉತ್ತರಕ್ಕೆ ಕಾಯ್ಲಿಲ್ಲ. ಆವತ್ತಿಂದ ಒಂದಿನಾನೂ ಅದನ್ನ ಬಿಟ್ಟಿಲ್ಲ ನಾನು.

ನಮ್ಮ ಸೀಮೆಗೇ ಸೇರಿದ ಒಂದು ಪಾಠ ಇದೆ. ನೆಲಾನೇ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 3000 ಅಡಿ ಮೇಲಿದೆ. ಆ ಎತ್ತರಕ್ಕೆ ವಿಮಾನದವರ ಸ್ಟ್ಯಾಂಡರ್ಡ್ ಲೆಕ್ಕದ ಪ್ರಕಾರ 9 ಡಿಗ್ರಿ ಇರ್ಬೇಕು, ಏಪ್ರಿಲ್ ಮಧ್ಯಾಹ್ನ 35 ಇರತ್ತೆ, ಹೆಚ್ಚಾದ ಒಂದೊಂದು ಡಿಗ್ರಿಗೂ 120 ಅಡಿ ಸೇರಿಸ್ಕೊಂಡು ಹೋದ್ರೆ ವಿಮಾನದ ಪಾಲಿಗೆ ಅದು 6000 ಅಡಿ, ಗಾಳಿ ಅಷ್ಟು ತೆಳು. ಇದನ್ನ ತೋರಿಸೋಕೆ ಅಂತಾನೇ ಸರ್ ಒಂದಿನ ಮೂರು ಗಂಟೆಗೆ ಕರ್ಕೊಂಡು ಹೋದ್ರು. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 700 ಅಡಿ ಏರೋ ವಿಮಾನ ಅವತ್ತು 300 ದಾಟ್ಲಿಲ್ಲ, ರನ್‌ವೇ ಮುಗೀತಾ ಬಂದ್ರೂ ಚಕ್ರ ನೆಲ ಬಿಡ್ತಿಲ್ಲ, ಮುಂದಿನ ತೆಂಗಿನ ತೋಟ ಹತ್ರ ಬರ್ತಾನೇ ಇದೆ, ಜೀವ ಬಾಯಿಗೆ ಬಂದಿತ್ತು. ಸರ್ ಮಾತ್ರ ಮೂಗು ಎತ್ಬೇಡ, ಸ್ಪೀಡ್ ನೋಡು, ಸ್ಪೀಡ್ ನೋಡು ಅಂತ ಮೆಲ್ಲಗೆ ಹೇಳ್ತಿದ್ರು. ಪುಸ್ತಕದಲ್ಲಿ ಹತ್ತು ಸಲ ಓದಿದ್ರೂ ಇದು ತಲೆಗೆ ಹೋಗಿರ್ಲಿಲ್ಲ.

ಆಷಾಢದ ಗಾಳಿಗೆ ಜೂನ್ ಜುಲೈಲಿ ಅರ್ಧಕ್ಕರ್ಧ ದಿನಗಳು ಹಾರಾಟ ಇಲ್ದೆ ಹೋಗತ್ತೆ, ಡಿಸೆಂಬರಲ್ಲಿ ಮಂಜು, 5 ಕಿಲೋಮೀಟರ್ ಕಾಣ್ದೇ ಇದ್ರೆ ಬಿಡಲ್ಲ. ಫೆಬ್ರವರಿ ಮಾರ್ಚಲ್ಲಿ ಸೇರೋದು ಒಳ್ಳೇದು ಅನ್ಸತ್ತೆ.

ಲೈಸೆನ್ಸ್ ಬಂದ್ಮೇಲೆ ದುಡ್ಡು ತಗೊಳ್ದೆ ಬೇರೆಯವರನ್ನ ಕೂರಿಸ್ಕೊಂಡು ಹೋಗ್ಬೋದು. ಹೋದ ಭಾನುವಾರ ಅಪ್ಪನ್ನ ಕರ್ಕೊಂಡು ಹೋದೆ. ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟ ಅವರೇ ಮೊದಲು ಗುರುತು ಹಿಡಿದ್ರು, ಹೆಡ್‌ಸೆಟ್ ಮರೆತು ಕೈ ಮುಗಿದ್ರು. ಗುಲಾಬಿ ಬೆಳೆಯೋ ಪಾಲಿಹೌಸುಗಳು ಬಿಳಿ ಬಟ್ಟೆ ಒಣಗಾಕಿದಂಗೆ ಕಾಣ್ತವೆ. ನಮ್ಮ ಹೊಲ ಎಲ್ಲೋ ಅಂತ ಕೇಳ್ತಾನೇ ಇದ್ರು, ಮೇಲಿಂದ ಎಲ್ಲ ತೋಟಾನೂ ಒಂದೇ ಥರ, ಎರಡು ಸುತ್ತು ಹಾಕಿದ್ಮೇಲೆ ಕೃಷಿಹೊಂಡದ ನೀಲಿ ಟಾರ್ಪಾಲು ಕಾಣ್ತು, ಅದರ ಪಕ್ಕ ಅಮ್ಮ ಕೆಂಪು ಸೀರೆ ಬೀಸ್ತಾ ನಿಂತಿದ್ರು.