ಕರ್ವ್ ಉದ್ದ ಲೆಕ್ಕ ಹಾಕೋಕೆ ಜಿಯೋಜೀಬ್ರಾ ಹೇಗಿದೆ? ನನ್ ರಿವ್ಯೂ

ಆರ್ಕ್ ಲೆಂಗ್ತ್ (ಅಂದ್ರೆ ಕರ್ವ್ ಉದ್ದ) ಓದ್ತಿರೋರು ಜಿಯೋಜೀಬ್ರಾ ಅನ್ನೋ ಗಣಿತದ ಆ್ಯಪ್ ಒಂದ್ಸಲ ಬಳಸಿ ನೋಡ್ಲೇಬೇಕು. ಕಲಿಯೋರಿಗೆ ಫ್ರೀ, ಫೋನಲ್ಲೂ ಬ್ರೌಸರಲ್ಲೂ ಓಡುತ್ತೆ. ಲೆಂಗ್ತ್ ಅನ್ನೋ ಕಮಾಂಡ್‌ಗೆ ಫಂಕ್ಷನ್ನು, ಶುರುವಾಗೋ ಎಕ್ಸ್, ಮುಗಿಯೋ ಎಕ್ಸ್ ಇಷ್ಟು ಕೊಟ್ರೆ ಸಾಕು, ಉದ್ದ ಬಂದ್ಬಿಡುತ್ತೆ.

ಆದ್ರೆ ನಂಗೆ ಇದು ಇಷ್ಟ ಆಗಿದ್ದು ಉತ್ತರಕ್ಕಲ್ಲ, ಎಳೆದು ಸಂಖ್ಯೆ ಬದಲಾಯಿಸೋ ಸ್ಲೈಡರ್‌ಗೆ. ಎಕ್ಸ್ ಸ್ಕ್ವೇರ್ ಪ್ಯಾರಾಬೋಲಾನ 0 ಇಂದ 1ರ ತನಕ ತಗೊಂಡು, ಅದ್ರ ಮೇಲೆ ಬಿಂದುಗಳನ್ನಿಟ್ಟು ನೇರ ಗೆರೆಗಳಿಂದ ಸೇರಿಸ್ತಾ ಹೋಗಿ: ಒಂದೇ ಗೆರೆ ಆದ್ರೆ 1.414, ಎರಡಾದ್ರೆ 1.460, ನಾಲ್ಕಾದ್ರೆ 1.474, ಸ್ಲೈಡರ್ ಎಳೀತಾ ಹೋದಂಗೆ 1.479ರ ಹತ್ರ ಬಂದು ನಿಂತ್ಕೊಳ್ಳುತ್ತೆ. ಒಂದೊಂದು ತುಂಡೂ ಒಂದು ಪೈಥಾಗೊರಸ್ ತ್ರಿಕೋನದ ಕರ್ಣ ಅಷ್ಟೇ, ಅದಕ್ಕೇ ಉದ್ದದ ಫಾರ್ಮುಲಾದಲ್ಲಿ ರೂಟ್ ಒಳಗೆ ಒಂದು ಪ್ಲಸ್ ಡಿವೈ ಬೈ ಡಿಎಕ್ಸ್ (ಅಂದ್ರೆ ಸ್ಲೋಪ್) ಹೋಲ್ ಸ್ಕ್ವೇರ್ ಬರೋದು, ಇದನ್ನ ಬಾಯಿಪಾಠ ಮಾಡಿಸೋ ಬದ್ಲು ಹಿಂಗೆ ತೋರಿಸಿದ್ರೆ ಯಾರೂ ಮರೆಯಲ್ಲ ಅನ್ಸುತ್ತೆ.

ಇನ್ನೊಂದು ದೊಡ್ಡ ಉಪಯೋಗ ಏನಂದ್ರೆ ಆ ರೂಟ್ ದೆಸೆಯಿಂದ ಕೈಯಲ್ಲಿ ಇಂಟಿಗ್ರೇಟ್ ಆಗೋ ಕರ್ವ್‌ಗಳೇ ಕಮ್ಮಿ. ಸೈನ್ ಕರ್ವ್‌ದು ಒಂದು ಪೂರ್ತಿ ಅಲೆ ತಗೊಳ್ಳಿ, ಎಷ್ಟು ಸಿಂಪಲ್ ಆಗಿ ಕಾಣುತ್ತೆ, ಆದ್ರೆ ಎಲಿಪ್ಟಿಕ್ ಇಂಟಿಗ್ರಲ್ ಬಂದು ಕೂರುತ್ತೆ, ನಮಗೆ ಗೊತ್ತಿರೋ ಫಂಕ್ಷನ್‌ಗಳಲ್ಲಿ ಉತ್ತರ ಬರಿಯೋಕೇ ಆಗಲ್ಲ. ಇಲ್ಲಿ ಸುಮಾರು 7.64 ಅಂತ ತಕ್ಷಣ ಸಿಗುತ್ತೆ.

ಕೊರತೆ ಅಂದ್ರೆ ಈ ಕಮಾಂಡ್ ಬರೀ ಸಂಖ್ಯೆ ಕೊಡುತ್ತೆ, ಸ್ಟೆಪ್ಸ್ ಇರಲ್ಲ, ಪರೀಕ್ಷೆಗೆ ಓದೋರು ಇದನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ. ಮೊದ್ಲು ಎಕ್ಸ್ ಪವರ್ 3/2 ಅನ್ನ 0 ಇಂದ 4ರವರೆಗೆ ಕೈಯಲ್ಲೇ ಮಾಡಿ, 1657ರಲ್ಲಿ ಇಂಗ್ಲಿಷ್ ಗಣಿತಜ್ಞ ವಿಲಿಯಂ ನೀಲ್ ಉದ್ದ ಕಂಡುಹಿಡಿದಿದ್ದು ಇದೇ ಜಾತಿ ಕರ್ವ್‌ದು, ಆಗಿನ್ನೂ ನ್ಯೂಟನ್ ಲೈಬ್ನಿಜ್ ಕ್ಯಾಲ್ಕುಲಸ್ಸೇ ಬಂದಿರ್ಲಿಲ್ಲ ನೋಡಿ! ರೂಟ್ ಒಳಗೆ 1 ಪ್ಲಸ್ 9ಎಕ್ಸ್ ಬೈ 4 ಬರುತ್ತೆ, ಸಬ್‌ಸ್ಟಿಟ್ಯೂಷನ್ ಹಾಕಿದ್ರೆ 8/27 ಇಂಟು (10 ರೂಟ್ 10 ಮೈನಸ್ 1), ಅಂದ್ರೆ 9.073. ತುದಿಯಿಂದ ತುದಿಗೆ ನೇರ ಗೆರೆ 8.944 ಇರೋದ್ರಿಂದ ಉತ್ತರ ಅದಕ್ಕಿಂತ ಕಮ್ಮಿ ಬಂದ್ರೆ ಎಲ್ಲೋ ತಪ್ಪಾಗಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಆ್ಯಪಲ್ಲಿ ಚೆಕ್ ಮಾಡ್ಕೊಳ್ಳಿ.

ಅರ್ಧವೃತ್ತ ಮಾಡೋರು ಮಾತ್ರ ರೂಟ್ (1 ಮೈನಸ್ ಎಕ್ಸ್ ಸ್ಕ್ವೇರ್) ರೂಪದಲ್ಲಿ ಹಾಕ್ಬೇಡಿ, ಎರಡೂ ತುದೀಲಿ ಸ್ಲೋಪ್ ಅನಂತಕ್ಕೆ ಹೋಗುತ್ತೆ. ಕಾಸ್ ಟಿ, ಸೈನ್ ಟಿ ಅಂತ ಪ್ಯಾರಾಮೆಟ್ರಿಕ್ ಕರ್ವ್ (ಎಕ್ಸ್, ವೈ ಎರಡನ್ನೂ ಟಿ ಮೂಲಕ ಹೇಳೋದು) ಮಾಡಿ, ಟಿ 0 ಇಂದ ಪೈವರೆಗೆ ಅದೇ ಲೆಂಗ್ತ್ ಕಮಾಂಡ್ ಕೊಡಿ, ಪೈ ನೀಟಾಗಿ ಬರುತ್ತೆ. ನನ್ ಕಡೆಯಿಂದ 5ಕ್ಕೆ 4.5.