ಫಂಡಿಂಗ್‌ಗೋಸ್ಕರ ಗಂಡು ಕೋ-ಫೌಂಡರ್ ಸೇರಿಸಿಕೊಳ್ಳುವ ಮುಂಚೆ ಇದನ್ನು ಓದಿ

ಸ್ಟಾರ್ಟಪ್ ಶುರು ಮಾಡಿರುವ ಹೆಣ್ಣುಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. "ಒಬ್ಬ ಗಂಡು ಕೋ-ಫೌಂಡರ್ ಹಾಕ್ಕೊಳ್ಳಿ ಮೇಡಂ, ದುಡ್ಡು ತಾನಾಗೇ ಬರುತ್ತೆ" ಅಂತ ಯಾರಾದರೂ ನಿಮಗೆ ಹೇಳಿದ್ದರೆ, ದಯವಿಟ್ಟು ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ.

ನನ್ನದು ಹಳ್ಳಿ ಡೈರಿಗಳ ಲೆಕ್ಕ ಇಡುವ ಆ್ಯಪ್. ಎಷ್ಟು ಲೀಟರ್ ಹಾಲು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನ ಅಂಶ) ಎಷ್ಟು, ಯಾರಿಗೆ ಎಷ್ಟು ಬಟವಾಡೆ, ಎಲ್ಲ ಅದರಲ್ಲೇ. ಕೋಡ್ ಪೂರ್ತಿ ನಾನೇ ಬರೆದಿದ್ದು. ಮಂಡ್ಯ ಕಡೆಯ 18 ಡೈರಿಗಳು ಪ್ರತಿ ತಿಂಗಳು ದುಡ್ಡು ಕೊಟ್ಟು ಬಳಸುತ್ತಿದ್ದವು.

ಬೆಂಗಳೂರಿನಲ್ಲಿ ಒಂಬತ್ತು ಕಡೆ ಪಿಚ್ ಮಾಡಿದೆ, ಅಂದರೆ ದುಡ್ಡು ಹಾಕಿ ಅಂತ ಇನ್ವೆಸ್ಟರ್‌ಗಳ ಮುಂದೆ ನನ್ನ ಆ್ಯಪ್ ಬಗ್ಗೆ ವಿವರಿಸಿದೆ. ಡೈರಿಯವರು ಬಿಟ್ಟು ಹೋದರೆ? ದೊಡ್ಡ ಕಂಪನಿ ಬಂದರೆ? ಮದುವೆ ಆದಮೇಲೆ ಯಾರು ನೋಡ್ಕೋತಾರೆ? ಹೋದಲ್ಲೆಲ್ಲ ಇವೇ ಪ್ರಶ್ನೆಗಳು. ಇದನ್ನು ಎಷ್ಟು ದೊಡ್ಡದು ಮಾಡ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ತಪ್ಪು ನನ್ನಲ್ಲೇ ಇದೆ ಅಂದುಕೊಂಡೆ. ನ್ಯೂಯಾರ್ಕ್‌ನ ಒಂದು ಪಿಚ್ ಸ್ಪರ್ಧೆಯ ವಿಡಿಯೋಗಳನ್ನು ನೋಡಿ ಸಂಶೋಧಕರು 2017ರಲ್ಲಿ ಲೆಕ್ಕ ಕೊಟ್ಟಿದ್ದಾರೆ ಅಂತ ನನಗೆ ಆಮೇಲೆ ತಿಳಿಯಿತು. ಗಂಡಸರಿಗೆ ಕೇಳಿದ ಪ್ರಶ್ನೆಗಳಲ್ಲಿ 67% ಬೆಳವಣಿಗೆಯ ಬಗ್ಗೆ, ಹೆಂಗಸರಿಗೆ ಕೇಳಿದ್ದರಲ್ಲಿ 66% ನಷ್ಟ ತಪ್ಪಿಸುವ ಬಗ್ಗೆ. ಅಮೆರಿಕದಲ್ಲಿ ಬರೀ ಹೆಂಗಸರೇ ಕಟ್ಟಿದ ಸ್ಟಾರ್ಟಪ್‌ಗಳಿಗೆ ಹೋಗುವುದು ವೆಂಚರ್ ಬಂಡವಾಳದ (ಬೆಳೆಯುವ ಹೊಸ ಕಂಪನಿಗಳಲ್ಲಿ ಹೂಡುವ ದುಡ್ಡಿನ) ಸುಮಾರು 2% ಮಾತ್ರ. ಇದು ಮೊದಲೇ ಗೊತ್ತಿದ್ದರೆ ನಾನು ಅಷ್ಟು ಕುಗ್ಗುತ್ತಿರಲಿಲ್ಲ.

ಕುಗ್ಗಿದ್ದ ಆ ಹೊತ್ತಿಗೇ ಒಬ್ಬ ಫಂಡಿಂಗ್ ಕನ್ಸಲ್ಟೆಂಟ್ ಸಿಕ್ಕರು. ಕೋ-ಫೌಂಡರ್ ಮಾಡಿಕೊಳ್ಳಿ ಅಂತ ಅವರೇ ಒಬ್ಬ ಗಂಡಸನ್ನು ಪರಿಚಯ ಮಾಡಿಸಿದರು. ದೊಡ್ಡ ಕಾಲೇಜಿನಲ್ಲಿ ಓದಿದವರು, ಮಾತು ಚೆನ್ನಾಗಿತ್ತು. 30% ಷೇರು ಅವರ ಹೆಸರಿಗೆ ಬರೆದುಕೊಟ್ಟೆ, ಅದೂ ಒಂದೇ ಸಲಕ್ಕೆ.

ಮುಂದಿನ ಮೀಟಿಂಗ್ ಇನ್ನೂ ಕಣ್ಣ ಮುಂದೆ ಇದೆ. ನಾನು ತೆಗೆದುಕೊಟ್ಟ ಪ್ರಿಂಟ್‌ಔಟನ್ನು ಇನ್ವೆಸ್ಟರ್ ತಿರುಗಿಸಿ ನನ್ನ ಹೊಸ ಕೋ-ಫೌಂಡರ್ ಮುಂದಿಟ್ಟರು. ಕರೆಂಟ್ ಹೋದಾಗ ಡೇಟಾ ಎಲ್ಲಿ ಉಳಿಯುತ್ತೆ ಅಂತ ಅವರನ್ನೇ ಕೇಳಿದರು. ಅವರು ನನ್ನ ಮುಖ ನೋಡಿದರು. ನಾನು ಉತ್ತರ ಹೇಳಿದೆ. ಮುಂದಿನ ಪ್ರಶ್ನೆಯೂ ಅವರಿಗೇ ಹೋಯಿತು. ಕೊನೆಗೆ ದುಡ್ಡೂ ಬರಲಿಲ್ಲ.

ಐದು ತಿಂಗಳಿಗೆ ಆ ಕೋ-ಫೌಂಡರ್ ಬೇರೆ ಕೆಲಸ ಹಿಡಿದು ಹೊರಟರು. ಷೇರು ಮಾತ್ರ ಅವರ ಹೆಸರಲ್ಲೇ ಉಳಿಯಿತು.

ನಿಜವಾದ ಪೆಟ್ಟು ಬಿದ್ದಿದ್ದು ಒಂದು ವರ್ಷ ಕಳೆದ ಮೇಲೆ. ಒಬ್ಬ ಏಂಜೆಲ್ ಇನ್ವೆಸ್ಟರ್ (ಸ್ಟಾರ್ಟಪ್‌ಗಳಿಗೆ ಸ್ವಂತ ದುಡ್ಡು ಹಾಕುವವರು) 40 ಲಕ್ಷ ಹಾಕಲು ಒಪ್ಪಿದರು. ಹೊರಗಿನವರಿಗೆ ಹೊಸ ಷೇರು ಕೊಡಬೇಕಾದರೆ ಕಂಪನಿ ಕಾಯ್ದೆ ಪ್ರಕಾರ ವಿಶೇಷ ನಿರ್ಣಯ ಆಗಬೇಕು. ಬಿದ್ದ ಮತಗಳಲ್ಲಿ ಮುಕ್ಕಾಲು ಪಾಲು ಪರವಾಗಿ ಇರಬೇಕು. ನನ್ನ ಹತ್ತಿರ ಇದ್ದದ್ದು 70%. ಐದೇ ಐದು ಪರ್ಸೆಂಟ್ ಕಮ್ಮಿ! ಬಿಟ್ಟು ಹೋದ ಕೋ-ಫೌಂಡರನ್ನು ಕೇಳಿದರೆ, ಎಂಟು ಲಕ್ಷ ಕೊಡಿ, ಷೇರು ವಾಪಸ್ ಮಾಡ್ತೀನಿ ಅಂದರು. ನಾನು ದುಡ್ಡು ಹೊಂದಿಸುವಷ್ಟರಲ್ಲಿ ಆ ಇನ್ವೆಸ್ಟರ್ ಕೈಬಿಟ್ಟರು. ಎಂಟು ಲಕ್ಷವನ್ನೂ ಕೊಟ್ಟೆ, ಸಾಲ ಮಾಡಿ.

ಪಾಲುದಾರರು ಬೇಕು ಅನಿಸಿದರೆ ಸೇರಿಸಿಕೊಳ್ಳಿ, ಬೇಡ ಅನ್ನುತ್ತಿಲ್ಲ. ಆದರೆ ಒಪ್ಪಂದದಲ್ಲಿ ವೆಸ್ಟಿಂಗ್ ಇರಲೇಬೇಕು. ಅಂದರೆ ಷೇರು ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಅವರದಾಗುತ್ತದೆ. ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಏನೂ ಸಿಗಲ್ಲ. ಅವರು ಯಾರೇ ಆಗಲಿ, ಎಷ್ಟೇ ಒಳ್ಳೆಯವರಾಗಲಿ, 25% ಅಥವಾ ಅದಕ್ಕಿಂತ ಜಾಸ್ತಿ ಕೊಡುವ ಮುಂಚೆ ಕಾಗದವನ್ನು ನೀವೇ ಗೊತ್ತುಮಾಡಿಕೊಂಡ ಕಂಪನಿ ಸೆಕ್ರೆಟರಿಗೆ (ಕಂಪನಿ ಕಾನೂನು ಬಲ್ಲ ವೃತ್ತಿಪರರಿಗೆ) ತೋರಿಸಿ. ಕನ್ಸಲ್ಟೆಂಟ್ ಕಡೆಯವರಿಗಲ್ಲ.

ಇನ್ನೊಂದು ವಿಷಯ. ನಮ್ಮ ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗೆ 50 ಲಕ್ಷದವರೆಗೆ ಅನುದಾನ ಸಿಗುತ್ತದೆ. ಅದಕ್ಕೆ ಒಂದು ಷೇರೂ ಬಿಟ್ಟುಕೊಡಬೇಕಿಲ್ಲ. ಆ 30% ಬರೆದುಕೊಟ್ಟ ವರ್ಷ ನಾನು ಅದಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ.